ಈರಬಸಪ್ಪ ತೋರಿಸಿದ ದಾರಿ

ಮಳೆಗಾಲ ಬಂತೆಂದರೆ ಎರೇಕೊಪ್ಪದ ಮಂದಿಗೆಲ್ಲ ಹಳ್ಳದ ಚಿಂತೆ, ಈರಬಸಪ್ಪಗೌಡನೊಬ್ಬನಿಗೆ ಹಳ್ಳದ ಹುರುಪು. ಊರಿಗೂ ಮೊರಬದ ಡಾಂಬರು ರಸ್ತೆಗೂ ನಡುವೆ ತುಪ್ಪರಿಹಳ್ಳ ಅಡ್ಡ ಮಲಗಿದೆ. ಬೇಸಿಗೆಯಲ್ಲಿ ಅದರೊಳಗೆ ಕುರಿ ಮೇಯುತ್ತವೆ. ಆದರೆ ಧಾರವಾಡದ ಕಡೆ ಒಂದು ದೊಡ್ಡ ಮಳೆ ಬಿದ್ದರೆ ಸಾಕು, ಎರೇಕೊಪ್ಪದ ನೆತ್ತಿಯ ಮೇಲೆ ಒಂದು ತುಂಡು ಮೋಡ ಇಲ್ಲದಿದ್ದರೂ ಹಳ್ಳ ಬಗ್ಗಡವಾಗಿ ದಂಡೆ ಮುಟ್ಟಿ ಹರಿಯುತ್ತಿತ್ತು.

ಹಳ್ಳದ ತಳದಲ್ಲಿ ಒಂದೇ ಒಂದು ಕಡೆ, ಚಕ್ಕಡಿ ಹೋಗುವಷ್ಟು ಅಗಲದ ಹಾಸುಬಂಡೆ ಇತ್ತು. ಮೊರಬದ ಕಡೆಯಿಂದ ಬರುವವರು ಊರ ದಂಡೆಯ ಮೇಲಿನ ಜಾಲಿಗಿಡಕ್ಕೆ ಕಣ್ಣಿಟ್ಟು ನೆಟ್ಟಗೆ ಬಂದರೆ ಗಾಲಿ ಬಂಡೆಯ ಮೇಲೇ ಇರುತ್ತದೆ. ತೊಡೆ ಮುಳುಗುವ ನೀರಿದ್ದರೂ ಗಾಡಿ ದಾಟುತ್ತದೆ. ಒಂದು ಮಾರು ಆಚೀಚೆ ಸರಿದರೆ ಎರೆಮಣ್ಣಿನ ಹುದಲು. ಅದು ಗಾಲಿಯನ್ನು ಮೊದಲು ಹಿಡಿಯುತ್ತದೆ, ಆಮೇಲೆ ನುಂಗುತ್ತದೆ. ಇದು ಊರಿನವರಿಗೆ ಗೊತ್ತು. ಹತ್ತಿ ಲಾರಿಯ ಡ್ರೈವರನಿಗೆ, ಲಗ್ನದ ಟೆಂಪೊದವನಿಗೆ, ನವಲಗುಂದದಿಂದ ಜಮಖಾನ ಹೇರಿಕೊಂಡು ಮಾರಲು ಬರುವವನಿಗೆ ಗೊತ್ತಿಲ್ಲ. ಹೀಗಾಗಿ ಪ್ರತಿ ಮಳೆಗಾಲದಲ್ಲೂ ಯಾರಾದರೊಬ್ಬರು ಸಿಗಿಬೀಳುತ್ತಿದ್ದರು, ಯಾರಾದರೊಬ್ಬರು ಈರಬಸಪ್ಪನ ಮನೆಗೆ ಓಡಿ ಬರುತ್ತಿದ್ದರು.

ಆ ಸುತ್ತಿನಲ್ಲಿ ಮೊದಲು ಟ್ರ್ಯಾಕ್ಟರ್ ತಂದವನು ಅವನೇ. ಓಡಿ ಬಂದವನು ಎಷ್ಟೇ ಏದುಸಿರು ಬಿಡುತ್ತಿರಲಿ, ಈರಬಸಪ್ಪ ಅವಸರ ಮಾಡುತ್ತಿರಲಿಲ್ಲ. ಒಳಗೆ ಹೋಗಿ ಮಡಿಸಿಟ್ಟ ಬಿಳೀ ಧೋತರ ಉಡುತ್ತಿದ್ದ, ರುಮಾಲು ಸುತ್ತುತ್ತಿದ್ದ. ರಾಡಿಗೆ ಇಳಿಯಲು ಇಷ್ಟು ಶೃಂಗಾರ ಮಾಡಿಕೊಳ್ಳುವ ಗಂಡಸನ್ನು ಆ ಸೀಮೆಯಲ್ಲಿ ಬೇರೆ ಯಾರೂ ಕಂಡಿರಲಿಲ್ಲ. ದಂಡೆಗೆ ಬಂದವನೇ ಸಿಕ್ಕ ಗಾಡಿಯನ್ನು ಒಂದು ಸುತ್ತು ನೋಡಿ, ಒಳಗಿನವರನ್ನು ವಿಚಾರಿಸುತ್ತಿದ್ದ: "ಯಾವೂರ್ರಿ? ಯಾರ ಪೈಕಿ?" ಆಮೇಲೆ ಸರಪಳಿ ಹಾಕುತ್ತಿದ್ದ. ಹುದಲು ಗಾಡಿಯನ್ನು ಪಚಕ್ಕೆಂದು ಬಿಟ್ಟುಕೊಟ್ಟಾಗ ದಂಡೆಯ ಮಂದಿ ಸೀಟಿ ಹೊಡೆಯುತ್ತಿದ್ದರು. ಅವನು ಮಾತ್ರ ಏನೂ ಆಗಿಲ್ಲವೆಂಬಂತೆ ಬೇರೆ ಕಡೆ ನೋಡುತ್ತಿದ್ದ. ಯಾರಿಂದಲೂ ಒಂದು ಕಾಸು ಮುಟ್ಟಿದವನಲ್ಲ. "ನಮ್ಮ ಹಳ್ಳದಾಗ ಸಿಕ್ಕವರು ನಮ್ಮ ಬೀಗರಿದ್ದಂಗ," ಎನ್ನುತ್ತಿದ್ದ.

ಬದಲಿಗೆ ಅವನಿಗೆ ಸಿಕ್ಕಿದ್ದು ಹೆಸರು. ಮೊರಬದಿಂದ ಅಣ್ಣಿಗೇರಿಯವರೆಗೆ ಯಾವ ಲಗ್ನಕ್ಕೆ ಹೋದರೂ ಒಬ್ಬರಲ್ಲ ಒಬ್ಬರು ಎದ್ದು ಜಾಗ ಬಿಡುತ್ತಿದ್ದರು. "ಹಳ್ಳದಾಗಿಂದ ಜಗ್ಗಿದ ಗೌಡ್ರು ಇವರ ನೋಡ್ರಿ," ಎಂದು ಬಾಜೂದವರಿಗೆ ಹೇಳುತ್ತಿದ್ದರು. ಹೆಂಡತಿ ಕಸ್ತೂರೆವ್ವ ಮಾತ್ರ ಕೆಸರಿನ ಧೋತರ ಒಗೆಯಲು ಹಾಕುತ್ತಾ, "ನಿಮಗ ನನ್ನ ಕೂಡ ಲಗ್ನ ಆಗೇತೋ ಹಳ್ಳದ ಕೂಡ ಆಗೇತೋ," ಎಂದು ಗೊಣಗುತ್ತಿದ್ದಳು.

ಹೀಗೆ ಸುಖವಾಗಿದ್ದ ಹೊತ್ತಿನಲ್ಲಿ ಎಂಬತ್ತೊಂದನೆಯ ಇಸವಿಯ ಮುಂಗಾರು ಬಂತು. ಹೊಲಗೆಲಸಕ್ಕೆ ಹೋಗುವ ಮರೆವ್ವನ ಸೊಸೆಗೆ ಹಳ್ಳ ತುಂಬಿದ ದಿನವೇ ಹೆರಿಗೆ ಬೇನೆ ಎದ್ದಿತು. ಚಕ್ಕಡಿಯಲ್ಲಿ ಮಲಗಿಸಿ ದಂಡೆಗೆ ತಂದರು. ನೀರು ಆಳೆತ್ತರ ಇತ್ತು, ಅಂಥ ನೀರಿಗೆ ಟ್ರ್ಯಾಕ್ಟರೂ ಇಳಿಯುವಂತಿರಲಿಲ್ಲ. ಈರಬಸಪ್ಪ ಬಂದು ನೀರು ನೋಡಿ ಸರಪಳಿ ಕೆಳಗಿಟ್ಟ. ಆ ಹುಡುಗಿ ಚಕ್ಕಡಿಯಲ್ಲೇ, ತಾಡಪತ್ರಿಯ ಕೆಳಗೆ ಹಡೆದಳು. ತಾಯಿ, ಕೂಸು ಇಬ್ಬರೂ ಉಳಿದರು. ಆದರೆ ಮರೆವ್ವ ಆ ದಿನವನ್ನು ಮರೆಯಲಿಲ್ಲ.

ಮುಂದಿನ ಸೋಮವಾರ ಮಠದ ಕಟ್ಟೆಯ ಮೇಲೆ ಊರ ಮಂದಿ ಕೂತಿದ್ದಾಗ ಆಕೆ ಬಂದು ನಿಂತಳು.

"ನಮ್ಮೂರಿಗಿ ಬ್ರಿಜ್ ಆಗಬೇಕ್ರಿ."

"ಆಗಲಿ ಬಿಡ ಮರೆವ್ವಾ, ಯಾವಾಗರ ಆಕ್ಕೇತಿ," ಎಂದ ಅಂಗಡಿಯ ಗಂಗಪ್ಪ. "ಅಲ್ಲೀತನಾ ಜಗ್ಗಾಕ ನಮ್ಮ ಗೌಡ್ರು ಅದಾರಲ್ಲ."

"ಅದಾರ್ರಿ, ಇಲ್ಲಂದವರ‍್ಯಾರು? ಆದರ ಹೆರಿಗಿಗಿ ಸರಪಳಿ ಹಾಕಿ ಜಗ್ಗಾಕ ಬರ್ತೇತೇನ್ರಿ?"

ಕಟ್ಟೆಯೆಲ್ಲ ನಕ್ಕಿತು. ಈರಬಸಪ್ಪನೂ ನಕ್ಕ. ನಕ್ಕ ಮೇಲೆ ಸುಮ್ಮನಿರುವುದು ಗೌಡಕಿಗೆ ಚಂದವಲ್ಲ. "ಅರ್ಜಿ ಬರೀರಿ," ಎಂದ. "ಮೊದಲ ಸಹಿ ನಂದು. ಧಾರವಾಡಕ್ಕ ನಾನ ಒಯ್ದು ಕೊಡ್ತೇನಿ." ಊರೆಲ್ಲ ಹೌದಪ್ಪ ಹೌದು ಎಂದಿತು. ಅವನು ಹೇಳಿದ ಹಾಗೇ ಕೊಟ್ಟೂ ಬಂದ. ಸರಕಾರಕ್ಕೆ ಎಷ್ಟೋ ಅರ್ಜಿ ಹೋಗುತ್ತವೆ, ಅದರಲ್ಲಿ ಇದೂ ಒಂದು ಎಂದುಕೊಂಡಿದ್ದ. ಹೋದದ್ದೆಲ್ಲ ತಿರುಗಿ ಬರುತ್ತದೆಯೇ?

ಇದು ತಿರುಗಿ ಬಂತು. ಶ್ರಾವಣ ಮಾಸದಲ್ಲಿ ಸುದ್ದಿ ಮುಟ್ಟಿತು: ಬುಧವಾರ ಜಾಗ ನೋಡಲು ಎಂಜಿನಿಯರ್ ಸಾಹೇಬರು ಬರುತ್ತಾರೆ.

ಊರಿನಲ್ಲಿ ಗಡಿಬಿಡಿ ಎದ್ದಿತು. ಹಿಂದೆಯೂ ಸಾಹೇಬರು ಬಂದದ್ದುಂಟು, ಆದರೆ ಬೇಸಿಗೆಯಲ್ಲಿ. ಒಣ ಹಳ್ಳದೊಳಗೆ ಬೂಟುಗಾಲಿನಲ್ಲಿ ಅಡ್ಡಾಡಿ, "ಎಲ್ಲಿದೆ ನೀರು?" ಎಂದು ಕೇಳಿ ಹೋಗಿದ್ದರು. ಈ ಸಲ ಹಾಗಾಗಬಾರದು. ಗಂಗಪ್ಪ ಎಲ್ಲರನ್ನೂ ಹತ್ತಿರ ಕರೆದು ದನಿ ತಗ್ಗಿಸಿದ.

"ನೀರು ನೋಡಿದರ ಸಾಲಾಂಗಿಲ್ಲ. ಸಾಹೇಬರು ನೀರಾಗ ಕುಂದ್ರಬೇಕು. ಜೀಪು ನಡುಹಳ್ಳದಾಗ ಸಿಗಬೇಕು. ಒಂದು ತಾಸು ಕುಂತರಂದ್ರ ಬ್ರಿಜ್ ಬ್ಯಾರೇ ಕೇಳೂದ ಬ್ಯಾಡ."

"ಸಿಗಸೂದು ಹೆಂಗ?" ಎಂದ ಹುಲಿಗೆಪ್ಪ. ಊರಿನಲ್ಲಿ ಒಳ್ಳೆಯ ಎತ್ತುಗಳಿದ್ದದ್ದು ಅವನ ಹತ್ತಿರ.

"ಗೌಡ್ರು ಅಚ್ಚೀ ದಂಡಿಗಿ ಹೋಗಿ ಸ್ವಾಗತ ಮಾಡ್ತಾರ. ಡ್ರೈವರ ದಾರಿ ಕೇಳ್ತಾನ. ಒಗ್ಯಾಣದ ಕಲ್ಲಿನ ಕಡೆ ತೋರಸಿಬಿಟ್ರ ಮುಗೀತು. ಆಮೇಲೆ ಗೌಡ್ರು ಹಗೂರಕ, ಭಾಳ ಹಗೂರಕ, ಹೋಗಿ ಜಗ್ಗತಾರ."

ಬಟ್ಟೆ ಒಗೆಯುವ ಕಲ್ಲುಗಳಿದ್ದ ಕಡೆ ನೀರು ಸಪಾಟಾಗಿ ಕಾಣುತ್ತಿತ್ತು, ಆದರೆ ಹುದಲು ಅತಿ ಆಳ ಇದ್ದದ್ದು ಅಲ್ಲೇ. ಎಲ್ಲರೂ ಈರಬಸಪ್ಪನ ಮುಖ ನೋಡಿದರು. ಸಿಗಿಸುವವನೂ ತಾನೇ, ಬಿಡಿಸುವವನೂ ತಾನೇ! ಇಂಥ ಮಾನ ಯಾರಿಗೆ ಸಿಕ್ಕೀತು? "ಅಗದಿ ಬರೋಬ್ಬರಿ," ಎಂದು ಬಿಟ್ಟ.

ಮನೆಗೆ ಬಂದು ಊಟಕ್ಕೆ ಕೂತಾಗ ಆ ಮಾನದ ಇನ್ನೊಂದು ಮಗ್ಗುಲು ಕಂಡಿತು. ಜೀಪು ಸಿಕ್ಕರೆ ಬ್ರಿಜ್ ಬರುತ್ತದೆ. ಬ್ರಿಜ್ ಬಂದರೆ ಯಾರೂ ಸಿಗುವುದಿಲ್ಲ. ಯಾರೂ ಸಿಗದಿದ್ದರೆ? ಮೊರಬದ ಸಂತೆಯಲ್ಲಿ ಎದ್ದು ಜಾಗ ಬಿಡುವವರು ಯಾರು? ಟ್ರ್ಯಾಕ್ಟರ್ ಈಗ ಸುತ್ತಿನ ಊರುಗಳಲ್ಲಿ ಇನ್ನಿಬ್ಬರು ತಂದಿದ್ದಾರೆ. ಹೊಲ ಅವನಿಗಿಂತ ಹೆಚ್ಚು ಇದ್ದವರಿದ್ದಾರೆ. ಹಳ್ಳವೊಂದೇ ಅವನದು. ರೊಟ್ಟಿ ಮುರಿದವನು ಹಾಗೇ ಕೈಯಲ್ಲಿ ಹಿಡಿದು ಕೂತ.

"ಯಾಕ್ರಿ, ರೊಟ್ಟಿ ಬಿರಸಾಗ್ಯಾವೇನು?" ಎಂದಳು ಕಸ್ತೂರೆವ್ವ.

"ಇಲ್ಲ. ಬ್ರಿಜ್ ಆದರ ಚಲೋನ ಆಕ್ಕೇತಿ, ಅಲ್ಲ?"

"ಆಗದ ಏನು? ನಾನೂ ಶ್ರಾವಣದಾಗ ತವರಮನಿ ಕಂಡೇನು."

ಅವಳನ್ನು ಕೇಳಿದ್ದೇ ತಪ್ಪಾಯಿತು ಎನ್ನಿಸಿತು. ಬೆಳಗಾಗುವಷ್ಟರಲ್ಲಿ ಅವನ ಮನಸ್ಸು ತನಗೆ ಬೇಕಾದ ದಾರಿಯನ್ನು ಹುಡುಕಿಕೊಂಡಿತ್ತು. ಬಂದ ಅತಿಥಿಗೆ ತಪ್ಪು ದಾರಿ ತೋರಿಸುವುದು ಯಾವ ಮನುಷ್ಯನ ಧರ್ಮ? ಅವನು ಖರೇ ದಾರಿಯನ್ನೇ ತೋರಿಸುತ್ತಾನೆ. ಜೀಪು ಬಂಡೆಯ ಮೇಲೆ ಸಲೀಸಾಗಿ ಬರುತ್ತದೆ. ಸಾಹೇಬರು ಪ್ಯಾಂಟಿಗೆ ಹನಿ ಹತ್ತದಂತೆ ಇಳಿದು, ಇಷ್ಟಕ್ಕೆ ಬ್ರಿಜ್ ಯಾಕೆ ಎನ್ನುತ್ತಾರೆ. ಊರವರು ಇರುವುದು ಈಚೆ ದಂಡೆಯಲ್ಲಿ, ಆಚೆ ಏನು ಮಾತಾಯಿತೆಂದು ಯಾರಿಗೆ ಕೇಳುತ್ತದೆ? ಡ್ರೈವರ ಬೆರಕಿ ಇದ್ದ, ನನ್ನ ಮಾತು ಕೇಳಲಿಲ್ಲ ಎಂದರಾಯಿತು. ಧರ್ಮವೂ ಉಳಿಯಿತು, ಹಳ್ಳವೂ ಉಳಿಯಿತು. ಈರಬಸಪ್ಪ ಹಗುರಾಗಿ ಎದ್ದು ಬಿಳೀ ಧೋತರ ಉಟ್ಟ.

ಬುಧವಾರ ಹಳ್ಳ ತೊಡೆಮಟ್ಟ ಹರಿಯುತ್ತಿತ್ತು. ಅವನು ಬಂಡೆಯ ಮೇಲೇ ಟ್ರ್ಯಾಕ್ಟರ್ ದಾಟಿಸಿ ಆಚೆ ದಂಡೆಯಲ್ಲಿ ನಿಲ್ಲಿಸಿದ. ಸರಪಳಿ ಹಿಂದಿನ ಕೊಕ್ಕೆಗೆ ಸುತ್ತಿಕೊಂಡೇ ಇತ್ತು. ಈಚೆ ದಂಡೆಯ ತುಂಬ ಊರು ಜಮಾಯಿಸಿತ್ತು. ಮಠದಲ್ಲಿ ಊಟದ ತಯಾರಿಯೂ ನಡೆದಿತ್ತು.

ಜೀಪು ಬಂತು. ಒಳಗೆ ಕಣ್ಣಿಗೆ ಚಾಳೀಸು ಹಾಕಿದ ಎಳೇ ವಯಸ್ಸಿನ ಸಾಹೇಬ, ಮೈಸೂರು ಕಡೆಯ ಮಾತು. ಡ್ರೈವರ ಹನಮಂತಪ್ಪ ದಪ್ಪ ಮೀಸೆಯವನು, ಸರಕಾರಿ ಗಾಡಿಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಇಳಿದವನೇ ಬಾನೆಟ್ ಎತ್ತಿ, ಫ್ಯಾನು ತಿರುಗಿ ಇಂಜಿನ್ನಿಗೆ ನೀರು ರಾಚಬಾರದೆಂದು ಬೆಲ್ಟ್ ಬಿಚ್ಚಿದ. ಕಿಡಿ ಹಾರುವ ಕಡೆಗೆ ಪ್ಲಾಸ್ಟಿಕ್ ಚೀಲ ಸುತ್ತಿ ಕಟ್ಟಿದ. ಜೀಪಿನ ಮೂತಿಗೆ ಗೋಣಿತಾಟು ಬಿಗಿದ. ಈರಬಸಪ್ಪ ಮೆಚ್ಚಿ ನೋಡಿದ. ಇಂಥವನು ದಾಟಿಯೇ ದಾಟುತ್ತಾನೆ.

"ದಾರಿ ಯಾವ ಕಡೆ ಐತ್ರಿ?" ಎಂದ ಹನಮಂತಪ್ಪ.

"ಅಕಾ, ಆ ಜಾಲಿಗಿಡ ಕಾಣತೇತಲ್ರಿ, ಅದಕ್ಕ ನೆಟ್ಟಗ ಹಿಡೀರಿ. ತೆಳಗ ಹಾಸುಬಂಡಿ ಐತಿ. ಆ ಒಗ್ಯಾಣದ ಕಲ್ಲಿನ ಕಡೆ ಮಾತ್ರ ಹೋಗಬ್ಯಾಡ್ರಿ."

"ಖರೇನ?"

"ಈಶ್ವರನ ಆಣಿ ಖರೇ."

ಹನಮಂತಪ್ಪ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಮಡಿ ಧೋತರ, ಗರಿಗರಿ ರುಮಾಲು. ಆಮೇಲೆ ಸರಪಳಿ ಸುತ್ತಿಕೊಂಡು ತಯಾರಾಗಿ ನಿಂತ ಟ್ರ್ಯಾಕ್ಟರ್ ನೋಡಿದ. ಆಮೇಲೆ ಊರ ದಂಡೆಯಲ್ಲಿ ಜಾತ್ರೆಯಂತೆ ನೆರೆದ ಮಂದಿಯನ್ನು ನೋಡಿದ. ಬ್ರಿಜ್ ಬೇಡುವ ಊರುಗಳಿಗೆ ಅವನು ಎಷ್ಟೋ ಸಾಹೇಬರನ್ನು ಕರೆದೊಯ್ದಿದ್ದ, ಎಷ್ಟೋ ಹಳ್ಳಗಳಲ್ಲಿ ಸಿಗಿಬಿದ್ದಿದ್ದ. ಪ್ರತಿ ಸಲವೂ ಹೀಗೇ ಒಬ್ಬ ದೊಡ್ಡ ಮನುಷ್ಯ ಆಣೆ ಮಾಡಿ ದಾರಿ ತೋರಿಸಿದ್ದ. ಅವನು ಮೀಸೆಯೊಳಗೇ ನಕ್ಕು ಜೀಪು ಹತ್ತಿದ. ಫೋರ್‌ವೀಲ್ ಹಾಕಿ, ಮೊದಲನೆಯ ಗೇರಿನಲ್ಲಿ, ಎಲ್ಲಿಯೂ ನಿಲ್ಲಿಸದೆ, ನೆಟ್ಟಗೆ ಒಗ್ಯಾಣದ ಕಲ್ಲಿನ ಕಡೆ ಬಿಟ್ಟ.

"ಅಲ್ರೀ! ಅಲ್ಲಲ್ರೀ! ಈ ಕಡೆ!" ಈರಬಸಪ್ಪ ರುಮಾಲು ಬಿಚ್ಚಿ ಬೀಸಿದ.

ಊರ ದಂಡೆಯವರಿಗೆ ಕಂಡದ್ದು ಬೀಸುವ ರುಮಾಲು ಮಾತ್ರ. "ಗೌಡ್ರು ಕರೆಕ್ಟ್ ತೋರಸಾಕ ಹತ್ಯಾರ ನೋಡ್ರಿ," ಎಂದ ಗಂಗಪ್ಪ ಸಂತೋಷದಿಂದ.

ನಡುಹಳ್ಳದಲ್ಲಿ ಜೀಪಿನ ಮೂತಿ ಒಮ್ಮೆಲೆ ಕುಸಿಯಿತು. ಗಾಲಿ ನಾಲ್ಕೂ ತಿರುಗಿದವು, ಕರೀ ರಾಡಿ ಕಾರಂಜಿಯಂತೆ ಹಾರಿತು, ಇಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ನೀರು ಸೀಟಿನ ಮಟ್ಟಕ್ಕೆ ಬಂತು. ಸಾಹೇಬರು ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡು ಬಾನೆಟ್ ಹತ್ತಿ ಕೂತರು. ಊರ ದಂಡೆಯಲ್ಲಿ ಹುಲಿಗೆಪ್ಪ ಖುಷಿ ತಡೆಯಲಾರದೆ ಸೀಟಿ ಹೊಡೆದ, ಮರೆವ್ವ ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

ಈರಬಸಪ್ಪನ ಲೆಕ್ಕ ತಪ್ಪಿತ್ತು. ಆದರೆ ಇನ್ನೂ ಆಸೆ ಇತ್ತು. ಸಿಕ್ಕರೇನಾಯಿತು? ಸಾಹೇಬರಿಗೆ ಬೇಸರ ಬರುವುದರೊಳಗೆ ಎಳೆದು ಹಾಕಿದರೆ, ಇದೇನು ದೊಡ್ಡ ಸಂಗತಿಯೇ ಅಲ್ಲ ಎಂದುಕೊಂಡಾರು. ಅವನು ಟ್ರ್ಯಾಕ್ಟರ್ ಚಾಲೂ ಮಾಡಿದ. ಊರ ದಂಡೆಯಿಂದ ಗಂಗಪ್ಪ ಎರಡೂ ಕೈ ಕೆಳಗೆ ಒತ್ತಿ, ಹಗೂರಕ, ಹಗೂರಕ ಎಂದು ಸನ್ನೆ ಮಾಡಿದ. ಈರಬಸಪ್ಪ ಆ ಕಡೆ ನೋಡಲಿಲ್ಲ.

ಗಟ್ಟಿ ದಂಡೆಯ ಮೇಲೇ ಟ್ರ್ಯಾಕ್ಟರ್ ನಿಲ್ಲಿಸಿ, ಹಗ್ಗ ಕೂಡಿಸಿ ಸರಪಳಿ ಉದ್ದ ಮಾಡಿ, ಜೀಪನ್ನು ಹಿಂದಕ್ಕೆ ಎಳೆದಿದ್ದರೆ ಅದು ಬಂದುಬಿಡುತ್ತಿತ್ತು. ಅವನೇ ಬೇರೆಯವರಿಗೆ ಎಷ್ಟೋ ಸಲ ಹಾಗೆ ಎಳೆದಿದ್ದ. ಆದರೆ ಇಂದು ಇಡೀ ಊರು ಎದುರು ದಂಡೆಯಲ್ಲಿ ನಿಂತಿದೆ. ಸಾಹೇಬರನ್ನು ಹಿಂದಕ್ಕೆ ಎಳೆದು ಮೊರಬದ ಕಡೆ ಬಿಡುವುದೇ? ಮುಂದಿನಿಂದ ಸರಪಳಿ ಹಾಕಿ, ಮೆರವಣಿಗೆಯಂತೆ ಊರೊಳಗೆ ತರಬೇಕು. ಅವನು ಬಂಡೆಯ ಮೇಲೆ ಅರ್ಧ ಹಳ್ಳ ದಾಟಿ, ಜೀಪಿನ ಮುಂದೆ ಹೋಗಲೆಂದು ಪಕ್ಕಕ್ಕೆ ತಿರುಗಿಸಿದ.

ಟ್ರ್ಯಾಕ್ಟರಿನ ಮುಂದಿನ ಗಾಲಿ ಬಂಡೆ ಇಳಿದವು. ಹಿಂದಿನ ದೊಡ್ಡ ಗಾಲಿ ಒಂದು ಕ್ಷಣ ಬಂಡೆಯ ಅಂಚನ್ನು ಹಿಡಿದವು, ಆಮೇಲೆ ಅವೂ ಇಳಿದವು. ಅವನು ಗೇರು ಬದಲಿಸಿದ, ಹಿಂದಕ್ಕೆ ತೆಗೆಯಲು ನೋಡಿದ, ಮುಂದಕ್ಕೆ ನೂಕಿ ನೋಡಿದ. ಒಂದೊಂದು ಸಲ ಗಾಲಿ ತಿರುಗಿದಾಗಲೂ ಟ್ರ್ಯಾಕ್ಟರ್ ಒಂದೊಂದು ಗೇಣು ಕುಂತಿತು. ಬೇರೆಯವರ ಗಾಡಿ ಹೀಗೆ ಕೂರುವಾಗ "ಎಕ್ಸಲೇಟರ್ ಒತ್ತಬ್ಯಾಡಲೇ!" ಎಂದು ಬೈಯುತ್ತಿದ್ದವನು ತಾನೇ ಒತ್ತುತ್ತಿದ್ದ. ಕೊನೆಗೆ ಸೀಟಿನ ಕೆಳಗೆ ನೀರು ಬಂತು. ಬಿಳೀ ಧೋತರ ತೇಲತೊಡಗಿತು.

ಬಾನೆಟ್ಟಿನ ಮೇಲಿನಿಂದ ಸಾಹೇಬರು ಕೂಗಿದರು: "ಏನ್ರೀ ಗೌಡ್ರೆ, ನಿಮ್ದೂ ಸಿಕ್ಕೊಂಡ್ತಾ?"

"ಹೌದ್ರೀ ಸಾಹೇಬ್ರ," ಎಂದ ಈರಬಸಪ್ಪ. ಆ ಎರಡು ಮಾತು ಹೇಳುವುದು ಅವನಿಗೆ ಜೀವಮಾನದ ಕಷ್ಟವಾಯಿತು.

ದಂಡೆಯ ಮಂದಿ ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ನೀರು ಏರುತ್ತಿತ್ತು. ಸಾಹೇಬರನ್ನು ಒಂದು ತಾಸು ಕೂರಿಸುವುದು ಊರಿನ ವಿಚಾರವಾಗಿತ್ತೇ ಹೊರತು ಮುಳುಗಿಸುವುದಲ್ಲ. ಗಂಗಪ್ಪ ಆ ಕಡೆ ಈ ಕಡೆ ಓಡಾಡಿದ. ಮುಂದೆ ಬಂದವಳು ಮರೆವ್ವ.

"ಬಾಯಿ ತಕ್ಕೊಂಡು ಏನ್ ನೋಡ್ತೀರಿ? ಮಠದಾಗಿನ ಕೊಪ್ಪರಿಗಿ ತರ್ರಿ!"

ದಾಸೋಹಕ್ಕೆ ಹುಗ್ಗಿ ಮಾಡುವ ದೊಡ್ಡ ಕೊಪ್ಪರಿಗೆ ಹೊತ್ತು ತಂದರು. ಕಿವಿಗೆ ಹಗ್ಗ ಕಟ್ಟಿ ನೀರಿಗೆ ಬಿಟ್ಟರು. ಹುಲಿಗೆಪ್ಪ ಅದನ್ನು ನೂಕುತ್ತಾ ಈಜಿದ. ಸಾಹೇಬರು ಬೂಟು, ಚಾಳೀಸು, ಕಾಗದದ ಚೀಲ ಎಲ್ಲವನ್ನೂ ಎದೆಗೆ ಅವಚಿಕೊಂಡು ಕೊಪ್ಪರಿಗೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಅದು ಗಿರ್ರನೆ ಎರಡು ಸುತ್ತು ತಿರುಗಿತು, ಸಾಹೇಬರು "ಅಮ್ಮಾ" ಎಂದರು, ಅಷ್ಟರಲ್ಲಿ ದಂಡೆಯವರು ಹಗ್ಗ ಎಳೆದುಕೊಂಡರು. ಎರಡನೆಯ ಸುತ್ತಿಗೆ ಹನಮಂತಪ್ಪ ಬಂದ. ಮೂರನೆಯದಕ್ಕೆ ಈರಬಸಪ್ಪ ಬರಬೇಕಿತ್ತು, ಅವನು ಒಲ್ಲೆನೆಂದು ಟ್ರ್ಯಾಕ್ಟರಿನ ಮೇಲೇ ಕೂತ. ಕಸ್ತೂರೆವ್ವ ದಂಡೆಗೆ ಬಂದು, "ಹುಗ್ಗಿ ಕೊಪ್ಪರಿಗ್ಯಾಗ ಕುಂತ್ರ ಮಾನ ಹೋಗಾಂಗಿಲ್ಲ, ಬರ್ರೀ ಸುಮ್ನ!" ಎಂದು ಊರೆಲ್ಲ ಕೇಳುವಂತೆ ಗದರಿದ ಮೇಲೆ ಬಂದ.

ಮಧ್ಯಾಹ್ನದ ಹೊತ್ತಿಗೆ ನೀರು ಇಳಿಮುಖವಾಯಿತು. ಗಾಡಿ ಬಿಡಿಸಬೇಕಿತ್ತು. ಗಾಲಿಯ ಕೆಳಗೆ ಹಾಸಲು ಏನಾದರೂ ಬೇಕು. ಮರೆವ್ವನ ಕೇರಿಯ ಹೆಂಗಸರು ಮಳೆಗಾಲದ ಒಲೆಗೆಂದು ಒಟ್ಟಿಟ್ಟಿದ್ದ ಹತ್ತಿಕಟ್ಟಿಗೆಯ ಹೊರೆಗಳನ್ನು ಹೊತ್ತು ತಂದು ಹಾಕಿದರು. ಹುಲಿಗೆಪ್ಪನ ಎತ್ತು, ಮತ್ತೆ ನಾಲ್ಕು ಜೋಡಿ ಎತ್ತು, ಅವುಗಳ ಬಾಜು ಹಗ್ಗ ಹಿಡಿದು ಗಂಡಸರು, ಹೆಂಗಸರು. ಮೊದಲು ಜೀಪು ಬಂತು. ಟ್ರ್ಯಾಕ್ಟರ್ ಬರಲು ಬಹಳ ಹೊತ್ತು ಹಿಡಿಯಿತು. ಪಚಕ್ಕೆಂದು ಹುದಲು ಬಿಟ್ಟಾಗ ಎಂದಿನಂತೆ ಸೀಟಿ ಬಿದ್ದವು. ಈ ಸಲ ಈರಬಸಪ್ಪ ಬೇರೆ ಕಡೆ ನೋಡಿದ್ದು ನಿಜವಾಗಿಯೂ ಬೇರೆ ಕಡೆ ನೋಡಬೇಕಾಗಿ ಬಂದದ್ದರಿಂದ.

ಮಠದ ಕೊಪ್ಪರಿಗೆ ಹಳ್ಳ ಕಂಡದ್ದರಿಂದ ಊಟ ಈರಬಸಪ್ಪನ ಮನೆಯಲ್ಲಾಯಿತು. ಸಾಹೇಬರು ಅವನದೇ ಒಣ ಧೋತರ ಸುತ್ತಿಕೊಂಡು, ಜೋಳದ ರೊಟ್ಟಿ, ಹೆಸರುಕಾಳು ಪಲ್ಲೆ, ಶೇಂಗಾ ಚಟ್ನಿ, ಮೊಸರು ಹೊಟ್ಟೆ ತುಂಬ ಉಂಡರು. ಉಂಡು ಕೈ ತೊಳೆದು ಹೇಳಿದರು:

"ನಿಜ ಹೇಳ್ತೀನಿ ಗೌಡ್ರೆ. ಜೀಪ್ ಸಿಕ್ಕೊಂಡಾಗ ನಾನು ಅಂದ್ಕೊಂಡೆ, ಇದು ಊರವರ ಆಟ ಅಂತ. ಎಲ್ಲಾ ಕಡೆ ಇದೇ ನಾಟಕ. ಟ್ರ್ಯಾಕ್ಟರ್ ರೆಡಿ ಇರುತ್ತೆ, ಎಳೀತಾರೆ, ಮುಗೀತು. ಆದ್ರೆ ನಿಮ್ಮ ಟ್ರ್ಯಾಕ್ಟರೇ ಮುಳುಗಿದ್ದು ನೋಡಿದ ಮೇಲೆ ಅನುಮಾನ ಹೋಯ್ತು. ಇಷ್ಟು ಪಳಗಿದವರೇ ಸಿಕ್ಕಿಬೀಳ್ತಾರೆ ಅಂದ್ಮೇಲೆ ಬೇರೆಯವರ ಗತಿ ಏನು? ನಾನು ಖಂಡಿತ ಸೇತುವೆಗೆ ಶಿಫಾರಸು ಮಾಡ್ತೀನಿ."

ಬಾಗಿಲಲ್ಲಿ ನಿಂತವರೆಲ್ಲ ಹೋ ಎಂದರು. ಗಂಗಪ್ಪ ಓಡಿ ಬಂದು ಈರಬಸಪ್ಪನ ಕೈ ಹಿಡಿದು ಹೊರಗೆ, ಮನೆಯ ಮುಂದಿನ ಕಟ್ಟೆಗೆ ಕರೆತಂದು ಕೂರಿಸಿದ. "ತಮ್ಮ ಸ್ವಂತ ಟ್ರ್ಯಾಕ್ಟರ್ ಮುಳುಗಿಸಿದ್ರಲ್ರೀ ಗೌಡ್ರ! ಇಂಥಾ ತ್ಯಾಗ ಯಾರ ಮಾಡ್ತಾರ?" ಎಂದು ಕಿವಿಯಲ್ಲಿ ಹೇಳುವಾಗ ಅವನ ಕಣ್ಣು ತುಂಬಿದ್ದವು. ಈರಬಸಪ್ಪ ಕೈ ಬಿಡಿಸಿಕೊಳ್ಳಲು ನೋಡಿದ. ನಡೆದದ್ದನ್ನು ಅವನು ಹೇಳುವಂತಿರಲಿಲ್ಲ.

ಹೇಳುವವನು ಬೇರೆ ಇದ್ದ. ಹನಮಂತಪ್ಪ ಜೀಪು ಒರೆಸಲು ಹಳ್ಳಕ್ಕೆ ಹೋಗಿದ್ದವನು ತಿರುಗಿ ಬಂದ. ನೀರು ಇಳಿದು ಹಾಸುಬಂಡೆಯ ಬೆನ್ನು ಕಾಣುತ್ತಿತ್ತಂತೆ, ನೆಟ್ಟಗೆ ಜಾಲಿಗಿಡದ ಗೆರೆಗೆ. ಅವನು ಕಟ್ಟೆಯ ಮೇಲಿದ್ದ ಮಂದಿಯೆಲ್ಲರ ಎದುರು ಈರಬಸಪ್ಪನಿಗೆ ಕೈ ಮುಗಿದ.

"ತಪ್ಪಾತ್ರಿ ಗೌಡ್ರ. ನೀವು ಖರೇ ದಾರೀನ ತೋರಸಿದ್ರಿ. ಒಗ್ಯಾಣದ ಕಡೆ ಹೋಗಬ್ಯಾಡ ಅಂತ ಬಾಯಿಬಿಟ್ಟು ಹೇಳಿದ್ರಿ. ಈಶ್ವರನ ಆಣೀನೂ ಮಾಡಿದ್ರಿ. ನಾನ ನಂಬಲಿಲ್ಲ. ಇಷ್ಟ ವರ್ಷದಾಗ ಹಳ್ಳಕ್ಕ ಖರೇ ದಾರಿ ತೋರಸಿದಾತ ನೀವೊಬ್ಬರ ನೋಡ್ರಿ!"

ಅಷ್ಟರಲ್ಲಿ ಸಾಹೇಬರು ಒಳಗಿನಿಂದ ಕರೆದರು, ಹನಮಂತಪ್ಪ ಹೋದ. ಗಂಗಪ್ಪ ಹಿಡಿದಿದ್ದ ಕೈ ಬಿಟ್ಟ. ಹುಲಿಗೆಪ್ಪ ಹುಬ್ಬು ಗಂಟು ಹಾಕಿದ. "ಖರೇ ದಾರಿ ತೋರಸಿದ್ರ?" ಎಂದು ಯಾರೋ ಹಿಂದಿನಿಂದ ನಿಧಾನವಾಗಿ ಕೇಳಿದರು. ಈರಬಸಪ್ಪ ತನ್ನ ಕಾಲಬೆರಳಿಗೆ ಮೆತ್ತಿದ ರಾಡಿಯನ್ನು ನೋಡುತ್ತಾ ಕೂತ. ಬಾಗಿಲ ಸಂದಿಯಲ್ಲಿ ಕಸ್ತೂರೆವ್ವ ನಿಂತಿರುವುದು ಅವನಿಗೆ ಬೆನ್ನಿನಿಂದಲೇ ಗೊತ್ತಾಗುತ್ತಿತ್ತು.

ಮರೆವ್ವ ಅವನನ್ನು ಒಂದು ಗಳಿಗೆ ದಿಟ್ಟಿಸಿದಳು. ಆಕೆಯ ಸೀರೆ ಸೊಂಟದವರೆಗೆ ಒದ್ದೆಯಾಗಿತ್ತು, ಒಲೆಯ ಕಟ್ಟಿಗೆಯೆಲ್ಲ ಹಳ್ಳದ ಪಾಲಾಗಿತ್ತು. ಆಮೇಲೆ ದೊಡ್ಡ ದನಿಯಲ್ಲಿ ನಕ್ಕಳು.

"ಏ ಹುಚ್ಚಪ್ಪಗಳ್ರಾ! ಇಷ್ಟೂ ತಿಳೀವಲ್ದ ನಿಮಗ? ಸರಕಾರಿ ಡ್ರೈವರ ಹಳ್ಳೀಮಂದಿ ಮಾತು ನಂಬ್ತಾನೇನು? ತಪ್ಪು ದಾರಿ ತೋರಸಿದ್ರ ಖರೇ ದಾರಿ ಹಿಡೀತಿದ್ದ. ಅದು ಗೌಡ್ರಿಗಿ ಮದಲ ಗೊತ್ತಿತ್ತು. ಅದಕ್ಕ ಖರೇ ತೋರಸ್ಯಾರ. ಹೌದಲ್ರೀ ಗೌಡ್ರ?"

ಆಕೆ ಕೇಳಿದ ರೀತಿಯಲ್ಲಿ ಪ್ರಶ್ನೆ ಇರಲಿಲ್ಲ. ಆಕೆಗೆ ಎಲ್ಲವೂ ತಿಳಿದಿದೆ ಎಂದು ಈರಬಸಪ್ಪನಿಗೆ ಖಾತ್ರಿಯಾಯಿತು.

"ಹೌ... ಹೌದು," ಎಂದ.

ಕಟ್ಟೆ ಒಮ್ಮೆಲೆ ಜೀವ ತುಂಬಿಕೊಂಡಿತು. "ಏನ್ ತಲೀ ಅಂತೀನಿ!" "ಆಣೀ ಮಾಡಿದ್ದೂ ಸುಳ್ಳಾಗಲಿಲ್ಲ, ಜೀಪೂ ಸಿಕ್ಕಿತು!" ಗಂಗಪ್ಪ ಮತ್ತೆ ಕೈ ಹಿಡಿದುಕೊಂಡ. ಈ ಸಲ ಬಿಡಲೇ ಇಲ್ಲ.

ಮರುವಾರ ಬೆಳಿಗ್ಗೆ ಮರೆವ್ವ ರೊಟ್ಟಿ ಬುತ್ತಿ ಕಟ್ಟಿಕೊಂಡು ಅವನ ಬಾಗಿಲಿಗೆ ಬಂದಳು. "ನಡ್ರಿ ಗೌಡ್ರ, ಧಾರವಾಡಕ್ಕ ಹೋಗೂಣು. ಸಾಹೇಬರು ಹೇಳಿದ್ದು ಬರೋಬ್ಬರಿ ಆತೋ ಇಲ್ಲೋ ಕೇಳಿ ಬರೂಣು."

"ಆಕ್ಕೇತಿ ಬಿಡವಾ ಮರೆವ್ವಾ. ಇಷ್ಟ ಅವಸರ ಯಾಕ?"

"ಟ್ರ್ಯಾಕ್ಟರ್ ಮುಳುಗಿಸಿದವರು ನೀವ ಹಿಂಗಂದ್ರ ಹೆಂಗ್ರಿ?" ಎಂದಳು ಆಕೆ, ಓಣಿಯೆಲ್ಲ ಕೇಳುವ ಹಾಗೆ.

ಹೋಗಲೇಬೇಕಾಯಿತು. ಆ ಸಲವೂ ಹೋದರು, ಆಮೇಲೆಯೂ ಹೋದರು. ಆ ಸಾಹೇಬರಿಗೆ ವರ್ಗವಾಗಿ ಹೊಸಬರು ಬಂದಾಗ ಮತ್ತೆ ಮೊದಲಿನಿಂದ ಕಥೆ ಹೇಳಬೇಕಾಯಿತು. ಕಾಗದ ಒಂದು ಮೇಜಿನಲ್ಲಿ ನಿಂತರೆ ಮರೆವ್ವ ಪಡಸಾಲೆಯಲ್ಲಿ ಕೂತುಬಿಡುತ್ತಿದ್ದಳು, ಈರಬಸಪ್ಪ ರುಮಾಲು ಸುತ್ತಿ ಒಳಗೆ ಹೋಗುತ್ತಿದ್ದ. ಬಿಟ್ಟು ಬರುವಂತಿರಲಿಲ್ಲ, ಆಕೆ ಹೊರಗೆ ಕಾಯುತ್ತಿದ್ದಳು. ಬೇಡದ ಬ್ರಿಜ್ಜಿಗಾಗಿ ತಿರುಗಾಡಿದಷ್ಟು ಅವನು ತನ್ನ ಹೊಲಕ್ಕಾಗಿಯೂ ತಿರುಗಾಡಿರಲಿಲ್ಲ. ಮೂರನೆಯ ವರ್ಷ ಕಂಬಗಳೆದ್ದವು. ಎಂಬತ್ತೈದರ ಬೇಸಿಗೆಯಲ್ಲಿ ಬ್ರಿಜ್ ಮುಗಿಯಿತು. ಉದ್ಘಾಟನೆಯ ದಿನ ಮೊದಲ ಹಾರ ಈರಬಸಪ್ಪನ ಕೊರಳಿಗೆ ಬಿತ್ತು. ಕಸ್ತೂರೆವ್ವ ಆ ವರ್ಷವೇ ಶ್ರಾವಣಕ್ಕೆ ತವರಿಗೆ ಹೋದಳು.

ಅವಳು ಹೋದ ಮಾರನೆಯ ದಿನ ಹಳ್ಳ ತುಂಬಿತು. ಈರಬಸಪ್ಪ ಬ್ರಿಜ್ಜಿನ ನಡುವೆ ನಿಂತು ಕೆಳಗೆ ನೋಡಿದ. ನೀರು ಅದೇ ಬಗ್ಗಡ, ಅದೇ ಸುಳಿ. ಯಾರೂ ಸಿಕ್ಕಿರಲಿಲ್ಲ. ಹಿಂದಿನಿಂದ ಹತ್ತಿ ಲಾರಿಯೊಂದು ಬಂದು ಹಾರ್ನ್ ಹೊಡೆಯಿತು.

"ಬಾಜು ಸರೀರೀ ಕಾಕಾ! ದಾರ‍್ಯಾಗ ನಿಂತೀರಲ್ಲ!"

ಅವನು ಸರಿದ. ಲಾರಿಯ ಗಾಲಿ ಹಾರಿಸಿದ ನೀರು ಧೋತರದ ಮೇಲೆ ಬಿತ್ತು. ಡ್ರೈವರ ತಿರುಗಿಯೂ ನೋಡಲಿಲ್ಲ. ಮನೆಗೆ ಹೋದರೆ ಮಾತಾಡಿಸುವವರಿಲ್ಲ ಎಂದು ಈರಬಸಪ್ಪ ಹಾಗೇ ಮುಂದೆ ನಡೆದ. ತುಂಬಿದ ಹಳ್ಳದ ದಿನ ಒಣಗಾಲಿನಲ್ಲಿ ಮೊರಬಕ್ಕೆ ಹೋದದ್ದು ಅವನ ಜನ್ಮದಲ್ಲಿ ಅದೇ ಮೊದಲು.

ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತ. ಬಾಜೂ ಬಾಕಿನ ಮೇಲೆ ಗುಡಗೇರಿಯಿಂದ ಬಂದ ಕಾಳಿನ ವ್ಯಾಪಾರಿಯೊಬ್ಬ ಚಹಾ ಕುಡಿಯುತ್ತಿದ್ದ. ಮಾತಿಗೆ ಮಾತು ಬಂದು, "ಎರೇಕೊಪ್ಪಕ್ಕ ಈಗ ಬ್ರಿಜ್ ಆಗೇತಂತಲ್ರಿ? ಹೆಂಗ ಮಾಡಿಸಿದ್ರಿ?" ಎಂದು ಕೇಳಿದ.

ಈರಬಸಪ್ಪ ಗಂಟಲು ಸರಿ ಮಾಡಿಕೊಂಡ.

"ಸರಕಾರಿ ಡ್ರೈವರ ಹಳ್ಳೀಮಂದಿ ಮಾತು ನಂಬಾಂಗಿಲ್ರಿ," ಎಂದು ಶುರುಮಾಡಿದ. "ಇದು ನನಗ ಮದಲ ಗೊತ್ತಿತ್ತು. ಅದಕ್ಕ ಏನ್ ಮಾಡಿದೆ..."

ವ್ಯಾಪಾರಿ ಬಾಕು ಸರಿಸಿ ಹತ್ತಿರ ಬಂದ. ಚಹಾದಂಗಡಿಯವನೂ ಸೌಟು ಹಿಡಿದು ನಿಂತ. ಸಾಹೇಬರು ಕೊಪ್ಪರಿಗೆಯಲ್ಲಿ ಗಿರ್ರನೆ ತಿರುಗಿದ ಮಾತು ಬಂದಾಗ ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಕಥೆ ಮುಗಿಯುವಷ್ಟರಲ್ಲಿ ನವಲಗುಂದದ ಬಸ್ಸಿಗೆ ಕಾಯುತ್ತಿದ್ದವರೂ ಸುತ್ತ ನೆರೆದಿದ್ದರು. ಆ ಶ್ರಾವಣದಲ್ಲಿ ಅವನು ಮೊರ‍ಬಕ್ಕೆ ಮತ್ತೆ ಮತ್ತೆ ಹೋದ, ಪ್ರತಿ ಸಲವೂ ಯಾರಾದರೂ ಕೇಳುತ್ತಿದ್ದರು, ಪ್ರತಿ ಸಲವೂ ಅವನ ಜಾಣತನ ಸ್ವಲ್ಪ ಬೆಳೆಯುತ್ತಿತ್ತು. ದಾರಿ ತೋರಿಸಿದ್ದನ್ನು, ಆಣೆ ಮಾಡಿದ್ದನ್ನು ಕೇಳುವವರ ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಿದ್ದ. ಟ್ರ್ಯಾಕ್ಟರನ್ನು ಬೇಕೆಂದೇ ಬಂಡೆಯಿಂದ ಇಳಿಸಿದೆ ಎಂಬ ಮಾತು ಬಂದಾಗ ಮಾತ್ರ ಬಸಿಯೊಳಗೆ ಚಹಾ ಸುರುವಿಕೊಂಡು, ಅದು ಆರುವತನಕ ಊದುತ್ತಾ ಕೂರುತ್ತಿದ್ದ.